ಮುರಳಿ ಅಂಕಲ್‌ಗೆ ಅಪ್ಪ ಆರಿಸಿದ ಚೀಲ

ಮೇಣ ತೀಡಿದ ಕ್ಯಾನ್ವಾಸ್ ಬಟ್ಟೆಗೆ ಅದರದೇ ಒಂದು ವಾಸನೆಯಿದೆ. ಆರಿಸಿದ ಮೇಣದಬತ್ತಿ, ಹೊಸ ರಬ್ಬರು, ಎಲ್ಲೋ ದೂರದಲ್ಲಿ ಸೀಮೆಎಣ್ಣೆ, ಎಲ್ಲವೂ ಕಲೆತಂಥ ವಾಸನೆ. ಕಳೆದ ತಿಂಗಳು ಆಸ್ಟಿನ್‌ನಲ್ಲಿ ಬೇಟೆಯ ಸಾಮಾನು ಮಾರುವ ಅಂಗಡಿಯೊಂದಕ್ಕೆ ಮಗಳನ್ನು ಕರೆದುಕೊಂಡು ಹೋಗಿದ್ದೆ. ಅವಳ ಗೆಳತಿಯ ಮನೆಯವರು ನವೆಂಬರಿನಲ್ಲಿ ಜಿಂಕೆ ಬೇಟೆಗೆ ಹೋಗುತ್ತಾರೆ, ಈ ಸಲ ಇವಳನ್ನೂ ಕರೆದಿದ್ದರು. ಬೆನ್ನಿಗೆ ಹಾಕಿಕೊಳ್ಳುವ ಒಂದು ಗಟ್ಟಿ ಬ್ಯಾಗು ಬೇಕಿತ್ತು. ಸಾಲಾಗಿ ತೂಗುಹಾಕಿದ್ದ ಬ್ಯಾಗುಗಳ ನಡುವೆ ಕಾಲಿಟ್ಟದ್ದೇ ತಡ, ಆ ವಾಸನೆ ಮೂಗಿಗೆ ಬಡಿದು ನಿಂತಲ್ಲೇ ನಿಂತೆ. ನನ್ನ ಕೈ ತನ್ನಷ್ಟಕ್ಕೆ ಒಂದು ಬ್ಯಾಗನ್ನು ಕಿವಿಯ ಹತ್ತಿರ ಎತ್ತಿ ಹಿಡಿದು ಉಗುರಿನಿಂದ ಕೆರೆಯಿತು. ‘ಅಮ್ಮಾ, ಇಟ್ಸ್ ಜಸ್ಟ್ ಎ ಬ್ಯಾಗ್,’ ಎಂದಳು ಮಗಳು. ಇರಬಹುದು. ಆದರೆ ಬೇಟೆಯ ಬ್ಯಾಗನ್ನು ಮೊದಲು ಕಿವಿಯಿಂದ ಆರಿಸಬೇಕೆಂದು ನಾನು ಕಲಿತದ್ದು ಅಪ್ಪನನ್ನು ನೋಡಿ. ಅಷ್ಟು ಮುತುವರ್ಜಿಯಿಂದ ಅವನು ಆರಿಸಿದ ಬ್ಯಾಗು ಅವನಿಗಾಗಿ ಇರಲಿಲ್ಲ.

ಆಗ ನಾವು ಹ್ಯೂಸ್ಟನ್‌ನ ಸೈಪ್ರೆಸ್‌ನಲ್ಲಿದ್ದೆವು. ಒಂದೇ ಅಚ್ಚಿನಲ್ಲಿ ತೆಗೆದಂಥ ಇಟ್ಟಿಗೆ ಮನೆಗಳ ಸಾಲಿನಲ್ಲಿ ನಮ್ಮದನ್ನು ಗುರುತು ಹಿಡಿಯುವುದು ಸುಲಭವಿತ್ತು. ಅಲ್ಲಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ಅವ್ವ ಜೋಳದ ರೊಟ್ಟಿಯನ್ನು ಕೈಯಲ್ಲೇ ಬಡಿಯುತ್ತಿದ್ದಳು, ಅಡುಗೆಕಟ್ಟೆ ಅದುರುವಂತೆ. ಅಪ್ಪ ಪೈಪ್‌ಲೈನ್ ಎಂಜಿನಿಯರ್. ಹೆಸರು ಭೀಮರಾಯ, ಆಫೀಸಿನವರ ಬಾಯಲ್ಲಿ ಭೀಮ್. ಸುರಪುರದ ಕಡೆಯ ಬೇಡರ ಮನೆತನ ನಮ್ಮದು. ಬೇಟೆ ಎಂದರೆ ನಮ್ಮ ಮನೆಯಲ್ಲಿ ಮುಚ್ಚಿಡುವ ವಿಷಯವಲ್ಲ, ಹೆಮ್ಮೆಯಿಂದ ಹೇಳಿಕೊಳ್ಳುವ ವಿಷಯ. ಊರಿನಲ್ಲಿ ಎಂದೋ ನಿಂತುಹೋಗಿದ್ದ ಆ ವಿದ್ಯೆಯನ್ನು ಅಪ್ಪ ಇಲ್ಲಿಗೆ ಬಂದು, ಲೈಸೆನ್ಸ್ ಪಡೆದು, ಸೀಸನ್ ನೋಡಿಕೊಂಡು, ಮತ್ತೆ ಹಿಡಿದಿದ್ದ. ಆಸ್ಟಿನ್‌ನಿಂದ ಪಶ್ಚಿಮಕ್ಕೆ ಕಲ್ಲುಗುಡ್ಡಗಳ ನಡುವೆ ಒಂದು ರಾಂಚಿನಲ್ಲಿ, ದನ ಮೇಯಿಸುವ ದೊಡ್ಡ ಜಮೀನಿನಲ್ಲಿ, ಅವನಿಗೆ ಬೇಟೆಯಾಡಲು ಜಾಗವಿತ್ತು. ಹೊತ್ತು ತರಲಾಗದ್ದನ್ನು ಹೊಡೆಯಬಾರದು ಎನ್ನುತ್ತಿದ್ದ. ತಂದದ್ದರಲ್ಲಿ ಒಂದು ತುಂಡೂ ಕೆಡಬಾರದು. ಗ್ಯಾರೇಜಿನಲ್ಲಿ ಅದಕ್ಕೆಂದೇ ಒಂದು ಉದ್ದನೆಯ ಫ್ರೀಜರ್ ಇತ್ತು, ಅದರ ಗುಂಯ್ ಎನ್ನುವ ಸದ್ದು ನನಗೆ ಇವತ್ತಿಗೂ ಮನೆಯ ಸದ್ದು.

ಶನಿವಾರಗಳಂದು ಮುರಳಿ ಅಂಕಲ್ ಬರುತ್ತಿದ್ದರು. ಮೈಸೂರಿನವರು, ಆಪರೇಷನ್ ಮಾಡುವಾಗ ಅರಿವಳಿಕೆ ಕೊಡುವ ಡಾಕ್ಟರು. ಅವರದು ಮೊಟ್ಟೆ ಕೂಡ ಹೊಸ್ತಿಲು ದಾಟದ ಮನೆ. ಮೊದಲು ಸುಮ್ಮನೆ ಹಕ್ಕಿ ನೋಡಲೆಂದು ಅಪ್ಪನ ಜೊತೆ ರಾಂಚಿಗೆ ಹೋದರು. ಮುಂದಿನ ವರ್ಷ ಬಂದೂಕು ಹಿಡಿದರು. ಅದರ ಮುಂದಿನ ವರ್ಷ ನಮ್ಮ ಅಡುಗೆಮನೆಯ ಮೇಜಿಗೆ ಕುಳಿತು, ಅವ್ವ ಮಾಡಿದ ಜಿಂಕೆಯ ಸಾರಿಗೆ ರೊಟ್ಟಿ ಅದ್ದಿ ತಿಂದು, ‘ಅತ್ತಿಗೆ, ಇನ್ನೊಂದು’ ಎಂದು ತಟ್ಟೆ ಮುಂದೆ ಹಿಡಿದರು. ಊಟವಾದ ಮೇಲೆ ನಮ್ಮ ಬಚ್ಚಲಲ್ಲೇ ಸ್ನಾನ ಮಾಡಿ, ನಮ್ಮಲ್ಲೇ ಬಿಟ್ಟಿದ್ದ ಬೇರೆ ಅಂಗಿ ತೊಟ್ಟು ಮನೆಗೆ ಹೋಗುತ್ತಿದ್ದರು. ಅವರ ಹೆಂಡತಿ ಸುಮಾ ಆಂಟಿಗೆ ಇದು ಯಾವುದೂ ಗೊತ್ತಿರಲಿಲ್ಲ. ಅವ್ವ ಇದಕ್ಕೆ ನಗುತ್ತಿದ್ದಳು. ಅಪ್ಪ ನಗುತ್ತಿರಲಿಲ್ಲ. ‘ಅವಗ ಅವನ ಕಷ್ಟ ಅದಾವ,’ ಎನ್ನುತ್ತಿದ್ದ. ಅವರಿಬ್ಬರೂ ಪರಸ್ಪರ ನೀನು ಎಂದೇ ಮಾತಾಡುತ್ತಿದ್ದರು. ಆ ಊರಿನಲ್ಲಿ ಅಪ್ಪನನ್ನು ಏಕವಚನದಲ್ಲಿ ಕರೆಯುತ್ತಿದ್ದ ಕನ್ನಡಿಗರು ಅವರೊಬ್ಬರೇ.

ಆಪರೇಷನ್ ಥಿಯೇಟರಿನಲ್ಲಿ ದಿನವೆಲ್ಲ ನಿಂತು ಮುರಳಿ ಅಂಕಲ್‌ಗೆ ಬೆನ್ನುನೋವು. ಆದರೂ ಯಾವುದೋ ಕಾನ್ಫರೆನ್ಸಿನಲ್ಲಿ ಕೊಟ್ಟಿದ್ದ ತೆಳ್ಳನೆಯ ಬ್ಯಾಗು ಹಾಕಿಕೊಂಡು ಗುಡ್ಡ ಹತ್ತುತ್ತಿದ್ದರು. ಅದರ ಪಟ್ಟಿ ಹೆಗಲಿಗೆ ಬರೆ ಎಳೆದ ಹಾಗೆ ಗುರುತು ಮಾಡುತ್ತಿತ್ತು. ಒಂದು ಅಕ್ಟೋಬರಿನ ಶನಿವಾರ ಅಪ್ಪ ಅವರನ್ನೂ ನನ್ನನ್ನೂ ಕಾರಿನಲ್ಲಿ ಹಾಕಿಕೊಂಡು ಅಂಗಡಿಗೆ ಹೊರಟ. ನನಗಾಗ ಹತ್ತು ವರ್ಷ ಇರಬೇಕು. ಅಪ್ಪ ಬ್ಯಾಗು ಆರಿಸಿದ್ದು ಹೆಣ್ಣಿಗೆ ಗಂಡು ನೋಡುವವರ ಹಾಗೆ. ಮೊದಲು ಬಟ್ಟೆಯನ್ನು ಕಿವಿಗೆ ಹಿಡಿದು ಉಗುರಿನಿಂದ ಕೆರೆದ. ಪರಪರ ಎನ್ನುವ ನೈಲಾನ್ ಬ್ಯಾಗುಗಳೆಲ್ಲ ಅಲ್ಲಿಗೇ ನಪಾಸಾದವು, ಮುಳ್ಳುಗಿಡಕ್ಕೆ ತಾಗಿದರೆ ಅರ್ಧ ಮೈಲಿಗೆ ಕೇಳಿಸುತ್ತದೆಂದು. ಜಿಪ್ಪನ್ನು ಕೈಗವಸು ತೊಟ್ಟು ಎಳೆದು ನೋಡಿದ. ಹೊಲಿಗೆಯನ್ನು ಹೊರಗಿನಿಂದಲ್ಲ, ಚೀಲವನ್ನು ಒಳಹೊರಗು ಮಾಡಿ ನೋಡಿದ. ಕೊನೆಗೆ ಉಳಿದ ಎರಡರಲ್ಲಿ ಅಂಗಡಿಯವರ ಮರಳುಮೂಟೆಗಳನ್ನು ತುಂಬಿ ಮುರಳಿ ಅಂಕಲ್ ಬೆನ್ನಿಗೇರಿಸಿ, ತಾನು ಮಂಡಿಯೂರಿ ಕುಳಿತು ಅವರ ಸೊಂಟದ ಪಟ್ಟಿಯನ್ನು ಬಿಗಿದ. ‘ಭಾರ ಹೆಗಲಿಗಿ ಬೀಳಬಾರ್ದು ಮುರಳಿ, ನಡಕ್ಕ ಬೀಳಬೇಕು. ನಡ ಹೊರ್ತದ, ಹೆಗಲು ಬರೇ ಹಿಡೀತದ. ಹೂಂ, ನಡಿ ಈಗ.’ ಮುರಳಿ ಅಂಕಲ್ ಅಂಗಡಿಯ ಉದ್ದಕ್ಕೂ ನಡೆದರು, ಟೆಂಟುಗಳ ಪಕ್ಕ ತಿರುಗಿ ಮತ್ತೆ ಬಂದರು, ಮುಖ ಅರಳಿತ್ತು. ‘ನನ್ನ ಸ್ವಂತ ತಮ್ಮನೂ ನನಗೆ ಇಷ್ಟು ಮಾಡಲ್ಲ ಕಣೋ ಭೀಮ,’ ಎಂದರು. ಅಪ್ಪ ಇನ್ನೂ ಪಟ್ಟಿಯನ್ನೇ ನೋಡುತ್ತಿದ್ದ. ಹಸಿರುಗಪ್ಪು ಬಣ್ಣದ ಮೆತ್ತನೆಯ ಕ್ಯಾನ್ವಾಸ್ ಚೀಲ ಅದು. ಮುರಳಿ ಅಂಕಲ್ ಅದನ್ನು ಮನೆಗೆ ಒಯ್ಯುವಂತಿರಲಿಲ್ಲವಾದ್ದರಿಂದ ಅದು ನಮ್ಮ ಗ್ಯಾರೇಜಿನ ಮೊಳೆಗೆ, ಅಪ್ಪನ ಚೀಲದ ಪಕ್ಕ ತೂಗಿತು. ಆ ಸೀಸನ್ನಿನಲ್ಲಿ ಹೊಡೆದ ಜಿಂಕೆಯ ಅರ್ಧ ಭಾರವನ್ನು ಅವರೇ ಹೊತ್ತು ತಂದರು. ಬೆನ್ನು ನೋಯಲೇ ಇಲ್ಲವೆಂದು ಅವ್ವನ ಮುಂದೆ ಮಗುವಿನಂತೆ ಕುಣಿದರು.

ಜನವರಿಯಲ್ಲಿ ಸಂಕ್ರಾಂತಿ. ಹ್ಯೂಸ್ಟನ್‌ನ ಕನ್ನಡದವರೆಲ್ಲ ಒಂದು ಶಾಲೆಯ ಹಾಲನ್ನು ಬಾಡಿಗೆ ಹಿಡಿದು, ಮನೆಗೊಂದು ಅಡುಗೆ ಹಂಚಿಕೊಂಡು ಊಟ ಇಟ್ಟುಕೊಂಡಿದ್ದರು. ಆ ವರ್ಷ ಅದರ ಹಿರಿತನ ಮುರಳಿ ಅಂಕಲ್‌ದು. ಅವ್ವ ಶೇಂಗಾ ಹೋಳಿಗೆ ಮಾಡುತ್ತೇನೆಂದು ಒಪ್ಪಿಕೊಂಡು ಎರಡು ದಿನ ಒಲೆಯ ಮುಂದೆ ನಿಂತಳು. ಹಬ್ಬದ ಹಿಂದಿನ ದಿನ ಮಡಚುವ ಮೇಜುಗಳನ್ನು ಒಯ್ಯಲು ನಮ್ಮ ಗ್ಯಾರೇಜಿಗೆ ಬಂದ ಒಬ್ಬರು ಐಸ್ ಬೇಕೆಂದು ಫ್ರೀಜರಿನ ಮುಚ್ಚಳ ಎತ್ತಿದರು. ಏನೂ ಹೇಳದೆ ಮುಚ್ಚಿ ಹೋದರು. ಮರುದಿನ ಶಾಲೆಯ ಹಾಲ್‌ನಲ್ಲಿ ಅವ್ವನ ಹೋಳಿಗೆಯ ತಟ್ಟೆಗಳು ಬಡಿಸುವ ಮೇಜಿನ ಮೇಲೆ ಇರಲಿಲ್ಲ. ಹಿಂಬಾಗಿಲ ಹತ್ತಿರ, ಕಸದ ಡಬ್ಬಿಯ ಪಕ್ಕ ನೆಲದ ಮೇಲಿದ್ದವು. ಅವ್ವ ಹೊಸ ಇಳಕಲ್ ಸೀರೆ ಉಟ್ಟಿದ್ದಳು. ಹಿರಿಯರೊಬ್ಬರು ಬಂದು ಬಹಳ ಮೃದುವಾಗಿ, ‘ತಪ್ಪು ತಿಳ್ಕೋಬೇಡಿಮ್ಮ, ದೇವರಿಗೆ ನೈವೇದ್ಯ ಮಾಡಿದ ಊಟ. ನಿಮ್ಮ ಅಡುಗೆಮನೇಲಿ ಅದೆಲ್ಲ ನಡೆಯುತ್ತಂತೆ,’ ಎಂದರು. ಅಪ್ಪ ಆ ಹಿರಿಯರ ಕಡೆ ನೋಡಲೇ ಇಲ್ಲ. ಮುರಳಿ ಅಂಕಲ್ ಕಡೆ ತಿರುಗಿ, ‘ಮುರಳಿ, ನೀನರ ಹೇಳು,’ ಎಂದ.

ಸುಮಾ ಆಂಟಿ ಪಕ್ಕದಲ್ಲೇ ನಿಂತಿದ್ದರು. ಮುರಳಿ ಅಂಕಲ್ ಜರತಾರಿ ಶಲ್ಯವನ್ನು ಸರಿಮಾಡಿಕೊಂಡರು. ‘ಭೀಮರಾಯರೇ, ನಾನು ನಿಮಗೆ ಮೊದಲೇ ಹೇಳಿದ್ನಲ್ಲ, ಅಂಥದ್ದೆಲ್ಲ ಮನೇಲಿ ಇಟ್ಕೋಬೇಡಿ ಅಂತ,’ ಎಂದರು.

ಭೀಮರಾಯರೇ. ನೀವು. ಬೇರೆ ಭಾಷೆಯವರಿಗೆ ಇದನ್ನು ಹೇಗೆ ತಿಳಿಸಲಿ? ಮರ್ಯಾದೆಯ ಮಾತಿನಿಂದಲೇ ಒಬ್ಬನನ್ನು ಹೊಸ್ತಿಲಾಚೆ ನೂಕಬಹುದು. ಅಪ್ಪ ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ. ಬಗ್ಗಿ ತಟ್ಟೆಗಳನ್ನು ಎತ್ತಿಕೊಂಡ, ಅವ್ವನಿಗೆ ಬಾಗಿಲು ಹಿಡಿದ, ನಾವು ಹೊರಗೆ ಬಂದೆವು. ಕಾರಿನಲ್ಲಿ ಅವ್ವ ಕೇಳಿದಳು, ‘ನೀವ್ಯಾಕ ಹೇಳ್ಲಿಲ್ಲ?’

‘ಹೇಳಿದ್ರ ಅವನ ಮನಿ ಒಡೀತಿತ್ತು.’

‘ನಮ್ಮದು?’

ಅದಕ್ಕೆ ಉತ್ತರ ಬರುತ್ತಾ ಹೋಯಿತು, ನಿಧಾನವಾಗಿ. ನಿಮಗೂ ಎಲ್ಲೋ ಅಂಥದೊಂದು ಮನೆ ಇದ್ದಿರಬಹುದು. ಬಿದ್ದದ್ದು ಯಾವ ದಿನವೆಂದು ಹೇಳಲಾಗದ, ಗೋಡೆಗಳೆಲ್ಲ ನೆಟ್ಟಗಿರುವಾಗಲೇ ಬಿದ್ದುಹೋದ ಮನೆ. ಶನಿವಾರಗಳಂದು ಯಾರೂ ಬರುತ್ತಿರಲಿಲ್ಲ. ಅವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ಅಂಗಡಿಯ ಚಪಾತಿ ತಂದಳು, ಸದ್ದು ಯಾಕೆ ಎಂದಳು. ಅಪ್ಪ ಮುಂದಿನ ಸೀಸನ್ನಿಗೆ ಒಬ್ಬನೇ ರಾಂಚಿಗೆ ಹೋಗಿ ಬರಿಗೈಯಲ್ಲಿ ವಾಪಸಾದ, ಗುಂಡು ಹಾರಿಸಲಿಲ್ಲವಂತೆ. ಆಮೇಲೆ ಹೋಗಲಿಲ್ಲ. ಮುರಳಿ ಅಂಕಲ್ ಚೀಲ ಮಾತ್ರ ಮೊಳೆಯಲ್ಲಿ ತೂಗುತ್ತಲೇ ಇತ್ತು. ಅವರು ಕೇಳಲೂ ಇಲ್ಲ, ಅಪ್ಪ ತೆಗೆಯಲೂ ಇಲ್ಲ. ಡಲ್ಲಾಸ್ ಕಡೆಗೆ, ಲಾಸ್ ಕೊಲಿನಾಸ್‌ನಲ್ಲಿ ಅಪ್ಪನಿಗೆ ಸಿಕ್ಕ ಕೆಲಸಕ್ಕೆಂದು ನಾವು ಶಿಫ್ಟ್ ಆದಾಗ ಅವ್ವ ಅದನ್ನು ಬೇಕಾದವರು ಒಯ್ಯಲೆಂದು ರಸ್ತೆಯ ಅಂಚಿಗೆ ತಂದಿಟ್ಟಳು. ಟ್ರಕ್ಕು ನಿಲ್ಲಿಸಿದ ಯಾರೋ ಒಬ್ಬ ಅದನ್ನೆತ್ತಿ, ಸೊಂಟದ ಪಟ್ಟಿ ಎಳೆದು ನೋಡಿ, ಖುಷಿಯಿಂದ ಒಯ್ದ. ಅಪ್ಪ ಕಿಟಕಿಯಿಂದ ನೋಡುತ್ತಿದ್ದ. ತಡೆಯಲಿಲ್ಲ.

ಎರಡು ವರ್ಷದ ಹಿಂದೆ ಅಪ್ಪ ಡಲ್ಲಾಸ್‌ನಲ್ಲೇ ತೀರಿಕೊಂಡ. ಅಪಾರ್ಟ್‌ಮೆಂಟಿನಲ್ಲಿ ಅವನ ಫೋಟೋ ಇಟ್ಟು ಕೂತ ಮಧ್ಯಾಹ್ನ, ಮುರಳಿ ಅಂಕಲ್ ಹ್ಯೂಸ್ಟನ್‌ನಿಂದ ಒಬ್ಬರೇ ಡ್ರೈವ್ ಮಾಡಿಕೊಂಡು ಬಂದರು. ರಿಟೈರ್ ಆಗಿ ಬಹಳ ವರ್ಷವಾಗಿತ್ತು, ಸುಮಾ ಆಂಟಿ ತೀರಿಕೊಂಡೂ ಆಗಲೇ ಬಹಳ ಕಾಲವಾಗಿತ್ತಂತೆ. ಬಂದವರು ಒಬ್ಬೊಬ್ಬರಾಗಿ ಅಪ್ಪನ ಬಗ್ಗೆ ಎರಡು ಮಾತು ಆಡುತ್ತಿದ್ದರು. ಮುರಳಿ ಅಂಕಲ್ ಕುರ್ಚಿಯ ತೋಳು ಹಿಡಿದು ಎದ್ದು, ‘ಭೀಮ ನನಗೆ ತಮ್ಮನ ಹಾಗಿದ್ದ...’ ಎಂದು ಶುರುಮಾಡಿದರು.

‘ಬ್ಯಾಡ್ರಿ ಡಾಕ್ಟರ,’ ಎಂದಳು ಅವ್ವ. ದನಿ ಏರಿಸಲಿಲ್ಲ. ‘ಮಾತಾಡೋದಿದ್ರ ಆವತ್ತು ಮಾತಾಡಬೇಕಿತ್ತು. ಕೇಳೋರು ಆವಾಗ ಇದ್ರು.’

ಅವರು ಕುಳಿತರು. ಎಲ್ಲರೂ ಹೋಗುವವರೆಗೆ ಹಾಗೇ, ಎರಡು ಕೈಗಳನ್ನು ಮೊಣಕಾಲುಗಳ ನಡುವೆ ಇಟ್ಟುಕೊಂಡು ಕುಳಿತೇ ಇದ್ದರು. ಕೊನೆಗೆ ಎದ್ದು ಬಾಗಿಲ ಕಡೆ ಹೊರಟಾಗ ಅವ್ವ ನನಗೆ, ‘ಮೆಟ್ಟಲು ಅದಾವ, ಕೈ ಹಿಡದು ಇಳಿಸು,’ ಎಂದಳು. ಇಳಿಸಿದೆ. ಅವರ ಕೈ ಒಣಗಿದ ಎಲೆಯಷ್ಟು ಹಗುರವಿತ್ತು. ಕಾರು ತಿರುವಿನಲ್ಲಿ ಮರೆಯಾದ ಮೇಲೆ ಮೆಟ್ಟಿಲು ಹತ್ತಿ ಬಂದೆ. ಅವ್ವ ಬಾಡಿಗೆಗೆ ತಂದ ಕುರ್ಚಿಗಳನ್ನು ಒಂದೊಂದಾಗಿ ಮಡಚಿ ಗೋಡೆಗೆ ಒರಗಿಸುತ್ತಿದ್ದಳು. ನಾನು ಇನ್ನೊಂದು ತುದಿಯಿಂದ ಮಡಚಲು ಶುರುಮಾಡಿದೆ. ಸೈಪ್ರೆಸ್‌ನ ಆ ಮನೆಯನ್ನು ಬಲ್ಲವರು ಈಗ ನಾವಿಬ್ಬರು, ಮತ್ತೆ ಹೆದ್ದಾರಿಯಲ್ಲಿ ಒಬ್ಬರೇ ಹೋಗುತ್ತಿದ್ದ ಆ ಮುದುಕರು, ಅಷ್ಟೇ ಉಳಿದಿದ್ದೆವು. ನಾವು ಯಾರೂ ಅದರ ಬಗ್ಗೆ ಮಾತಾಡುವುದಿಲ್ಲ.