ಪೂಜೆಗೆ ನಿಲ್ಲಿಸಿದ್ದ ಫ್ಯಾನು

ಎಲ್ಲಾದರೂ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಬಂದರೆ ನಾನು ಮೊದಲು ನೋಡುವುದು ಬಾಗಿಲನ್ನು. ತೆರೆದಿದೆಯೇ, ಮುಚ್ಚಿದೆಯೇ, ಒಳಗೆ ಯಾರಿದ್ದಾರೆ ಎಂದು. ಅದು ಒಗ್ಗರಣೆಯೇ ಎಂದು ಗೊತ್ತಿದ್ದರೂ ನೋಡುತ್ತೇನೆ. ಮದುವೆ ಮನೆಯ ಅಡುಗೆ ಕೋಣೆಯಿಂದ ಹೀಗೆ ಎದ್ದು ಹೊರಗೆ ಬಂದು ನಿಂತದ್ದೂ ಇದೆ. ಅತ್ತೆಯೊಬ್ಬರು, "ಎಂತಾಯ್ತೇ, ಬೆಳ್ಳುಳ್ಳಿ ಆಗಲ್ವಾ ನಿಂಗೆ?" ಎಂದು ಕೇಳಿದರು. ಹೌದು ಅಂದೆ. ಅಷ್ಟು ಹೇಳಿದರೆ ಮುಗಿಯುತ್ತದೆ.

ಸಾಗರದಲ್ಲಿ ಎಂ.ಕಾಂ. ಕೊನೆಯ ವರ್ಷ. ಎರಡು ತಿಂಗಳು ಯಾವುದಾದರೂ ಸಂಸ್ಥೆಯ ಹಣಕಾಸು ವಿಭಾಗದಲ್ಲಿ ಕೆಲಸ ಕಲಿತು ಕಾಲೇಜಿಗೆ ವರದಿ ಒಪ್ಪಿಸಬೇಕಿತ್ತು. ತರಗತಿಯ ಹೆಚ್ಚಿನವರು ಪರಿಚಯದ ಆಡಿಟರ್ ಆಫೀಸುಗಳಿಗೆ ಹೋದರು. ನನಗೆ ದೊಡ್ಡ ಕಂಪನಿಯೇ ಸಿಕ್ಕಿತು. ವ್ಯಾಪಾರಿಗಳು ಗೋಡೌನಿನಲ್ಲಿಟ್ಟ ಅಡಿಕೆ, ಮೆಣಸು, ಜೋಳದ ಮೇಲೆ ಸಾಲ ಕೊಡುವ ಕಂಪನಿ ಅದು. ಬೇರೆ ಬೇರೆ ರಾಜ್ಯಗಳಲ್ಲಿ ಶಾಖೆಗಳಿದ್ದವು, ಒಂದು ಸಾಗರದಲ್ಲೂ ಇತ್ತು. ಕೊರಳಿಗೆ ಹಾಕುವ ನೀಲಿ ದಾರದ ಗುರುತಿನ ಚೀಟಿಯನ್ನು ಮನೆಗೆ ತಂದಾಗ ಅಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಅಪ್ಪ ಜೋಗದ ವಿದ್ಯುದಾಗಾರದಲ್ಲಿ ಆಪರೇಟರ್. "ನಮ್ದು ಕಬ್ಬಿಣದ ಕೆಲ್ಸ. ನಿಂದು ನೆರಳಿನ ಕೆಲ್ಸ ಬಿಡು" ಎಂದು ಸಂತೋಷಪಟ್ಟರು.

ನೆರಳಿನ ಕೆಲಸ ಮೊದಲ ವಾರದಲ್ಲೇ ಬೇಸರ ತಂದಿತು. ಶಾಖೆ ಇದ್ದದ್ದು ಒಂದು ಕಟ್ಟಡದ ಮಹಡಿಯಲ್ಲಿ. ಕಿಟಕಿಗಳಿಗೆ ಕಪ್ಪು ಗಾಜು, ಹಗಲೂ ಟ್ಯೂಬ್‌ಲೈಟ್. ಅಡಿಕೆಯ ದರ ಇಳಿದರೆ ಯಾವ ಸಾಲಕ್ಕೆ ಭದ್ರತೆ ಕಡಿಮೆಯಾಗುತ್ತದೆ ಎಂದು ನೋಡುತ್ತ ಕಂಪ್ಯೂಟರಿನಲ್ಲಿ ಕೆಂಪು ಹಳದಿ ಬಣ್ಣ ತುಂಬುವುದು ನನ್ನ ಕೆಲಸ. ಯಾರೂ ಗದರಲಿಲ್ಲ, ಕಲಿಸಲೂ ಇಲ್ಲ. ನನ್ನ ಜೊತೆ ಮನಸ್ಸಿಟ್ಟು ಮಾತಾಡುತ್ತಿದ್ದವರು ಒಬ್ಬರೇ, ಗೋಡೌನುಗಳನ್ನು ಸುತ್ತಿ ಬರುವ ಫೀಲ್ಡ್ ಆಫೀಸರ್. ಹೊಸನಗರದವರು. ಮೂವತ್ತೈದರ ಆಸುಪಾಸು. ಹೆಂಡತಿ ಅಲ್ಲೇ ಟೈಲರಿಂಗ್ ಅಂಗಡಿ ಇಟ್ಟಿದ್ದರು. ಅವರನ್ನು ನಾನು ಸರ್ ಎನ್ನುತ್ತಿದ್ದೆ. ಅವರು ನನ್ನನ್ನು ಬೇಕೆಂದೇ ಮೇಡಮ್ಮೋರೆ ಎನ್ನುತ್ತಿದ್ದರು.

"ಮೇಡಮ್ಮೋರೆ, ನಿಮ್ಮ ಕಂಪ್ಯೂಟರಲ್ಲಿರೋ ಚೀಲಕ್ಕೆ ಹುಳ ಬೀಳಲ್ಲ, ಇಲಿ ಕಡಿಯಲ್ಲ. ಒಂದ್ಸಲ ನಿಜವಾದ ಚೀಲ ನೋಡ್ಬನ್ನಿ. ಇಲ್ದಿದ್ರೆ ಪಾಸಾಗ್ತೀರಿ, ಬುದ್ಧಿ ಬರಲ್ಲ."

ಅರ್ಧ ವರ್ಷ ಮುಗಿದಾಗ ಅಡವಿಟ್ಟ ಸರಕು ಇದೆಯೋ ಇಲ್ಲವೋ ಎಂದು ಕಣ್ಣಾರೆ ನೋಡಿ ಬರುವ ಪದ್ಧತಿ ಕಂಪನಿಯಲ್ಲಿತ್ತು. ಚೀಲಗಳನ್ನು ಮಾಡಿನ ತನಕ ಅಟ್ಟಿ ಹೊಡೆದಿರುತ್ತಾರೆ. ಎದುರಿನಿಂದ ನೋಡಿ ಅಂದಾಜು ಮಾಡಿದರೆ ಸಾಲದು. ಮುಂದೆ ಚೀಲಗಳ ಗೋಡೆ ಮಾತ್ರ ಕಟ್ಟಿ ಹಿಂದೆ ಪೊಳ್ಳು ಬಿಟ್ಟವರನ್ನು ಕಂಪನಿ ಬೇರೆ ಕಡೆ ಕಂಡಿತ್ತಂತೆ. ಹಾಗಾಗಿ ಅಟ್ಟಿಗೂ ಗೋಡೆಗೂ ನಡುವಿನ ಓಣಿಯಲ್ಲಿ ಅಡ್ಡ ನಡೆದು ಹಿಂದಿನವರೆಗೆ ಹೋಗಿ ನೋಡಲೇಬೇಕು. ಆ ವರ್ಷ ಈ ಕೆಲಸದ ನಡುವೆಯೇ ನವರಾತ್ರಿ ಬಂತು. ಆಯುಧಪೂಜೆ, ವಿಜಯದಶಮಿ ಎರಡೂ ರಜೆ. ರಜೆ ಮುಗಿದ ಬೆಳಿಗ್ಗೆ ಸರ್ ನನ್ನನ್ನು ಹೊಸನಗರಕ್ಕೆ ಬರಹೇಳಿದರು. ಬಸ್ಸಿಳಿದಾಗ ಬೈಕ್ ಒರೆಸುತ್ತ ನಿಂತಿದ್ದರು. ಹ್ಯಾಂಡಲ್ಲಿಗೆ ಸೇವಂತಿಗೆ ಹಾರ ಇನ್ನೂ ಇತ್ತು.

"ಹೂ ಬಾಡಿದ್ರೂ ತೆಗೀಬೇಡಿ ಅಂದಿದಾಳೆ ನಮ್ಮನೆಯವ್ಳು. ಬಿದ್ರೆ ತಾನಾಗೇ ಬೀಳ್ಲಂತೆ. ಹೂವೋ ನಾನೋ ಅಂತ ಕೇಳ್ದೆ. ಇಬ್ರೂ ಅಂದ್ಲು."

ನಾನು ನಕ್ಕೆ. ಆ ಮಾತು ಈಗ ಹೇಗೆ ಕೇಳುತ್ತದೆ ಎಂದು ನನಗೆ ಗೊತ್ತು. ಅವತ್ತು ಅದು ಬರೀ ತಮಾಷೆ.

ಗೋಡೌನು ಕೋಣಂದೂರು ಪೇಟೆ ದಾಟಿ ಸ್ವಲ್ಪ ದೂರದಲ್ಲಿತ್ತು. ಸಿಮೆಂಟ್ ಶೀಟಿನ ಮಾಡು, ಕಬ್ಬಿಣದ ಎರಡು ದೊಡ್ಡ ಬಾಗಿಲು, ಕಿಟಕಿ ಇಲ್ಲ. ನೋಡಿಕೊಳ್ಳುತ್ತಿದ್ದವರು ಅರಳಸುರಳಿ ಕಡೆಯ ವಯಸ್ಸಾದ ಒಬ್ಬರು, ನಾವು ಅಣ್ಣ ಎನ್ನುತ್ತಿದ್ದೆವು. ಬಾಗಿಲಿನ ಎರಡೂ ಕಡೆ ಬಾಳೆಕಂದು ಕಟ್ಟಿದ್ದರು, ಬೀಗಕ್ಕೂ ಕುಂಕುಮ ಹಚ್ಚಿದ್ದರು. ಒಡೆದ ಬೂದುಗುಂಬಳ ಹೊಸ್ತಿಲ ಪಕ್ಕ ಬಿದ್ದಿತ್ತು. ಬಾಗಿಲು ತೆಗೆದಾಗ ಎದುರಿನ ಗೋಡೆಯ ಎತ್ತರದಲ್ಲಿ, ಗಾಳಿ ಹೊರಗೆ ಎಳೆಯುವ ದೊಡ್ಡ ಫ್ಯಾನು ಕಂಡಿತು. ಅದಕ್ಕೂ ಹಾರ ಹಾಕಿದ್ದರು. ಹಾರ ರೆಕ್ಕೆಗಳ ಮೇಲೆ ಅಡ್ಡ ಬಿದ್ದಿತ್ತು.

"ಫ್ಯಾನಿಗೂ ರಜಾ ಕೊಟ್ಟಿದೀರಲ್ಲ ಅಣ್ಣ" ಅಂದರು ಸರ್.

"ವರ್ಷಕ್ಕೊಂದಿನ ಅದೂ ಸುಧಾರಿಸ್ಕಳ್ಲಿ ಸರ್. ಧಣಿ ಬಂದು ಕಾಯಿ ಒಡೆದು ಶುರು ಮಾಡ್ಬೇಕು. ನಿನ್ನೆ ಬರ್ಲಿಲ್ಲ, ಇವತ್ತು ಬರ್ತೀನಿ ಅಂದಾರೆ. ಮಧ್ಯಾಹ್ನ ಆಗ್ಬೌದು."

"ಧಣಿ ಬರೋದ್ರೊಳಗೆ ನಾವು ಮುಗ್ಸಿ ಹೋಗ್ತೀವಿ."

ಪೂಜೆ ಮಾಡಿದ ಯಂತ್ರವನ್ನು ಮರುದಿನ ಮತ್ತೆ ಪೂಜೆ ಮಾಡಿಯೇ ಮುಟ್ಟುವುದು ನಮ್ಮ ಕಡೆಯ ರೂಢಿ. ನಮ್ಮ ಮನೆಯಲ್ಲೂ ಅಮ್ಮ ಮಿಕ್ಸಿಗೆ ಕುಂಕುಮ ಹಚ್ಚಿದ ಮೇಲೆ ಚಟ್ನಿಗೆ ಒರಳಿನ ಮುಂದೆ ಕೂರುತ್ತಾರೆ. ಹಾರ ಹಾಕಿದ ಫ್ಯಾನು ನೋಡಿ ನನಗೆ ಏನೂ ಅನ್ನಿಸಲಿಲ್ಲ. ಚಂದ ಅನ್ನಿಸಿತು.

ಕಂಪನಿಯ ಆ್ಯಪಿನಲ್ಲಿ ಫೋಟೋ ತೆಗೆದರೆ ಅದು ಎಲ್ಲಿಯದೆಂದು ತಾನೇ ಗುರುತು ಹಾಕಿಕೊಳ್ಳುತ್ತಿತ್ತು. ಶೀಟಿನ ಕೆಳಗೆ ಸಿಗ್ನಲ್ ಸಿಗದು. ಹಾಗಾಗಿ ನಾನು ಹೊಸ್ತಿಲಲ್ಲೇ ನಿಂತೆ. ಸರ್ ಒಳಗೆ ಹೋಗಿ ಓಣಿಯಲ್ಲಿ ಅಡ್ಡಡ್ಡ ಸರಿಯುತ್ತ ಮರೆಯಾದರು. ಹಿಂದಿನಿಂದ ಸಾಲುಗಳನ್ನು ಕೂಗಿ ಹೇಳುತ್ತಿದ್ದರು, ನಾನು ಮೊಬೈಲಿಗೆ ಒತ್ತುತ್ತಿದ್ದೆ.

"ಯಾರ್ರೀ ಅಣ್ಣ ಬೆಳ್ಳುಳ್ಳಿ ಒಗ್ಗರಣೆ ಹಾಕಿದ್ದು? ಪೂಜೆ ಪ್ರಸಾದ ಭಾರಿ ಜೋರಿದ್ದಂಗಿದೆ" ಎಂದು ಅಲ್ಲಿಂದಲೇ ಕೂಗಿದರು.

ಅಣ್ಣ ಹೊರಗೆ ಬಾಳೆಕಂದು ಬಿಚ್ಚುತ್ತಿದ್ದರು. ಕೇಳಿಸಿತೋ ಇಲ್ಲವೋ. ನನಗೂ ಆ ವಾಸನೆ ತೆಳ್ಳಗೆ ಬಂತು. ಬುತ್ತಿ ಬಿಚ್ಚಿಟ್ಟಿರಬೇಕು ಅಂದುಕೊಂಡೆ. ಕೊನೆಯ ಅಟ್ಟಿಯ ಹಿಂದೆ ಅವರು ತುಂಬ ಹೊತ್ತು ಇದ್ದರು. ಕತ್ತಲಲ್ಲಿ ಲೆಕ್ಕ ತಪ್ಪಿತೆಂದು ಮತ್ತೊಮ್ಮೆ ಎಣಿಸಿದರು. ನಾನು ಮನಸ್ಸಿನಲ್ಲಿ ಎಷ್ಟೋ ಸಲ ಅವರನ್ನು ಅಲ್ಲಿಂದ ಕರೆದಿದ್ದೇನೆ. ಸರ್, ಸಾಕು ಬನ್ನಿ. ಒಂದೊಂದು ಸಲ ಅವರು ಬರುತ್ತಾರೆ.

ಹೊರಗೆ ಬಂದವರು ತಲೆ ಹಿಡಿದುಕೊಂಡು ಜಗಲಿಯ ಮೇಲೆ ಕೂತರು. ಮುಖ ಬಿಳಿಚಿಕೊಂಡಿತ್ತು.

"ಪಿತ್ತ. ಬೆಳಿಗ್ಗೆ ಖಾಲಿ ಹೊಟ್ಟೇಲಿ ಬೈಕ್ ಹೊಡೆದ್ನಲ್ಲ."

ಪಿತ್ತ ಎಂದರೆ ನಮ್ಮಲ್ಲಿ ಯಾರೂ ಹೆದರುವುದಿಲ್ಲ. ತಲೆ ಸುತ್ತಿದರೆ, ವಾಕರಿಕೆ ಬಂದರೆ ಪಿತ್ತ. ಒಂದು ಲೋಟ ಹುಳಿ ಕುಡಿದರೆ ಇಳಿಯುತ್ತದೆ. ನಿಧಾನಕ್ಕೆ ಕೋಣಂದೂರಿಗೆ ಬಂದು ಹೋಟೆಲಿನಲ್ಲಿ ಕೂತೆವು. ಅವರು ಲಿಂಬೆ ಶರಬತ್ತು ತರಿಸಿಕೊಂಡರು. ನನಗೆ ಅವಲಕ್ಕಿ ಹೇಳಿದರು. "ನಿಮ್ಮ ವರದೀಲಿ ಇದನ್ನೂ ಬರೀರಿ. ಫೀಲ್ಡ್ ಆಫೀಸರ್ ಅಂದ್ರೆ ಅರ್ಧ ಲೆಕ್ಕ, ಅರ್ಧ ಪಿತ್ತ." ಲೋಟ ಮುಗಿಯುವ ಮೊದಲೇ ಎದ್ದು ಹೋಗಿ ಚರಂಡಿಗೆ ವಾಂತಿ ಮಾಡಿದರು. ಮತ್ತೆ ಮಾಡಿದರು. ಎದೆ ಬಿಗಿದ ಹಾಗಾಗ್ತಿದೆ ಅಂದಾಗ ನನಗೆ ಮೊದಲ ಬಾರಿ ಹೆದರಿಕೆಯಾಯಿತು. ಅಣ್ಣನಿಗೆ ಫೋನ್ ಮಾಡಿದೆ. ಯಾರದೋ ಓಮ್ನಿ ಮಾಡಿಕೊಂಡು ಬಂದರು. ತೀರ್ಥಹಳ್ಳಿಗೆ ಹೊರಟೆವು. ದಾರಿಯುದ್ದಕ್ಕೂ ಸರ್ ಕಿಟಕಿಗೆ ಮುಖ ಕೊಟ್ಟು ಬಾಯಿಂದ ಗಾಳಿ ಎಳೆದುಕೊಳ್ಳುತ್ತಿದ್ದರು.

ಆಸ್ಪತ್ರೆಯಲ್ಲಿ ಡಾಕ್ಟರು ಹೃದಯದ ಪರೀಕ್ಷೆ ಮಾಡಿಸಿದರು. ಆಮೇಲೆ ನನ್ನನ್ನು ಕೇಳಿದರು, "ಬೆಳಿಗ್ಗೆಯಿಂದ ಎಲ್ಲಿದ್ರಿ?"

"ಗೋಡೌನಲ್ಲಿ."

"ಅಲ್ಲಿ ಏನಾದ್ರೂ ಔಷಧಿ ಹೊಡೆದಿದ್ರಾ?"

ನಾನು ಅಣ್ಣನ ಕಡೆ ನೋಡಿದೆ. ಅವರ ಕೈಯಲ್ಲಿ ಟವೆಲ್ಲಿತ್ತು. ಅದನ್ನು ಹಿಂಡುತ್ತಿದ್ದರು.

"ಹುಳಕ್ಕೆ ಮಾತ್ರೆ ಇಟ್ಟಿದ್ರು ಡಾಕ್ಟ್ರೆ, ಹೋದ ವಾರ. ಮುಗ್ದಿತ್ತು. ಹೊದ್ಸಿದ ತಾಡಪಾಲು ಎಲ್ಲಾ ತೆಗ್ದಿದ್ವಿ."

"ಗಾಳಿ ಬಿಟ್ರಾ?"

"ಪೂಜೆ ದಿನ ಬೆಳಿಗ್ಗೆ ಫ್ಯಾನು ಹಾಕಿದ್ದೆ."

"ಎಷ್ಟು ಹೊತ್ತು?"

"ಪೂಜೆ ಆಗೋ ತನಕ" ಅಂದರು. "ಆಮೇಲೆ ಹಾರ ಹಾಕಿದ್ವಿ."

ಡಾಕ್ಟರು ಪೆನ್ನು ಕೆಳಗಿಟ್ಟರು. ಆಗ ಹೇಳಿದರು: ಆ ಮಾತ್ರೆ ಗಾಳಿಯ ತೇವಕ್ಕೆ ಕರಗಿ ವಿಷದ ಅನಿಲವಾಗುತ್ತದೆ, ಅದಕ್ಕೆ ಬೆಳ್ಳುಳ್ಳಿಯಂಥ ವಾಸನೆ. ಬಾಗಿಲು ಮುಚ್ಚಿ, ಫ್ಯಾನು ನಿಲ್ಲಿಸಿದರೆ ಅದು ಅಟ್ಟಿಗಳ ಹಿಂದೆಯೇ ಉಳಿಯುತ್ತದೆ. ಅದಕ್ಕೆ ಪ್ರತಿಯಾಗಿ ಕೊಡುವ ಮದ್ದಿಲ್ಲ. ಹೃದಯ ತಡೆದುಕೊಂಡರೆ ಉಳಿಯುತ್ತಾರೆ, ನೋಡಬೇಕು. ನನ್ನನ್ನೂ ಒಂದು ಮಂಚದ ಮೇಲೆ ಮಲಗಿಸಿ ಆಮ್ಲಜನಕ ಕೊಟ್ಟರು. ನಾನು ಹೊಸ್ತಿಲಲ್ಲಿದ್ದೆ, ನನಗೇನೂ ಆಗಿಲ್ಲ ಎಂದು ಹೇಳುತ್ತಲೇ ಇದ್ದೆ. ಹೊಸ್ತಿಲಲ್ಲಿ ನಿಲ್ಲಿಸಿದ್ದು ಸಿಗ್ನಲ್, ಅಷ್ಟೇ.

ಸಂಜೆ ಹೊತ್ತಿಗೆ ಸರ್ ಸುಧಾರಿಸಿದರು. ಎಲ್ಲರಿಗೂ ಹಾಗೆ ಕಂಡಿತು. ಹೆಂಡತಿ ಹೊಸನಗರದಿಂದ ಬಂದಿದ್ದರು, ಬ್ಲೌಸಿಗೆ ಚುಚ್ಚಿದ ಸೂಜಿ ಹಾಗೇ ಇತ್ತು. ಸರ್ ಅದನ್ನು ತೋರಿಸಿ, "ಡಾಕ್ಟ್ರಿಗಿಂತ ಮೊದ್ಲು ನೀನೇ ಚುಚ್ಬೇಡ ಮಾರಾಯ್ತಿ" ಅಂದರು. ಆಕೆ ನಗಲಿಲ್ಲ. ಸೂಜಿ ತೆಗೆದು ಸೆರಗಿನ ಅಂಚಿಗೆ ಸಿಕ್ಕಿಸಿಕೊಂಡರು. ಸಾಗರದಿಂದ ಮ್ಯಾನೇಜರ್ ಬಂದರು. ಒಳ್ಳೆಯ ಮನುಷ್ಯ, ಮಾತು ಕಡಿಮೆ. ಬೆಂಚಿನ ಮೇಲೆ ನನ್ನ ಪಕ್ಕ ಕೂತು, "ಫೋಟೋ ಅಪ್ಲೋಡ್ ಆಗಿದ್ಯಾ?" ಎಂದು ಕೇಳಿದರು. ಕೇಳಿದ ಮೇಲೆ ಅವರಿಗೇ ನಾಚಿಕೆಯಾಯಿತು. ಎದ್ದು ಹೋಗಿ ಎಲ್ಲರಿಗೂ ಕಾಫಿ ತಂದರು.

ರಾತ್ರಿ ಅಪ್ಪ ಬಂದು ನನ್ನನ್ನು ಜೋಗಕ್ಕೆ ಕರೆದುಕೊಂಡು ಹೋದರು. ಹೊರಡುವಾಗ ಸರ್ ಮಂಚದಿಂದಲೇ ಕೈ ಎತ್ತಿ, "ಮೇಡಮ್ಮೋರೆ, ಕೊನೇ ಅಟ್ಟಿ ಪೊಳ್ಳಲ್ಲ, ತುಂಬಿದೆ. ಹಾಕ್ಬಿಡಿ" ಅಂದರು.

ಬೆಳಿಗ್ಗೆ ಅಪ್ಪನ ಮೊಬೈಲಿಗೆ ಫೋನ್ ಬಂತು. ಅಪ್ಪ ಅಂಗಳಕ್ಕೆ ಹೋಗಿ ಮಾತಾಡಿ, ಒಳಗೆ ಬಂದು ನೀರು ಕುಡಿದು, ಆಮೇಲೆ ನನಗೆ ಹೇಳಿದರು. ಹೃದಯ ತಡೆದುಕೊಂಡಿರಲಿಲ್ಲ.

ನಂತರದ ದಿನಗಳಲ್ಲಿ ಪೊಲೀಸರು ಕೇಳಿದರು, ಕಂಪನಿಯವರು ಕೇಳಿದರು. ನಾನು ಕಂಡದ್ದನ್ನೆಲ್ಲ ಹೇಳಿದೆ. ಹೂವಿನ ಹಾರದ ವಿಷಯ ಬಂದಾಗ ದೂರದ ಊರಿನಿಂದ ಬಂದಿದ್ದ ಅಧಿಕಾರಿ, "ಫ್ಯಾನಿಗೆ ಹಾರ ಯಾಕೆ?" ಎಂದು ಮತ್ತೆ ಮತ್ತೆ ಕೇಳಿದರು. ಅವರಿಗೆ ಅದು ಅರ್ಥವಾಗಲೇ ಇಲ್ಲ. ನಮಗೆ ಅದು ಎಷ್ಟು ಅರ್ಥವಾಗಿತ್ತೆಂದರೆ ಯಾರೂ ಕೇಳಿಯೇ ಇರಲಿಲ್ಲ. ಅಣ್ಣ ಕೆಲಸ ಬಿಟ್ಟರು. ಹೊಸನಗರಕ್ಕೆ ಹೋಗಿ ಆಕೆಯ ಅಂಗಡಿಯ ಮುಂದೆ ಚಪ್ಪಲಿ ಕಳಚಿ ನಿಂತಿದ್ದರಂತೆ. ಆಕೆ ಹೊರಗೆ ಬರಲಿಲ್ಲವಂತೆ. ನಾನು ಕಾಲೇಜಿಗೆ ವರದಿ ಒಪ್ಪಿಸಿದೆ. ಬಣ್ಣ ತುಂಬಿದ ಹಾಳೆಗಳ ಬಗ್ಗೆ ಬರೆದೆ, ಕೋಣಂದೂರಿನ ಬಗ್ಗೆ ಬರೆಯಲಿಲ್ಲ. ಒಳ್ಳೆಯ ಅಂಕ ಬಂತು.

ಮರುವರ್ಷ ಆಯುಧಪೂಜೆಗೆ ಅಮ್ಮ ಎಂದಿನಂತೆ ಸ್ಕೂಟರ್, ಮಿಕ್ಸಿ, ಹೊಲಿಗೆ ಯಂತ್ರ ಎಲ್ಲಕ್ಕೂ ಕುಂಕುಮ ಹಚ್ಚಿದರು. ಅಡುಗೆಮನೆಯ ಗೋಡೆಯಲ್ಲಿರುವ ಸಣ್ಣ ಫ್ಯಾನಿಗೂ ಒಂದೆಳೆ ಹೂ ಇಳಿಬಿಟ್ಟರು. ಮಧ್ಯಾಹ್ನ ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಒಗ್ಗರಣೆ ಬಿತ್ತು. ನಾನು ಸ್ಟೂಲು ಹತ್ತಿ ಹೂವಿನೆಳೆಯನ್ನು ತೆಗೆದೆ, ಸ್ವಿಚ್ ಹಾಕಿದೆ.

"ಏ, ಪೂಜೆ ಮಾಡಿದ್ದನ್ನ ಇವತ್ತು ಹಾಕ್ತಾರೇನೇ? ಎಂತ ಹುಡ್ಗಿ ಇದು!" ಅಮ್ಮ ಸೌಟು ಹಿಡಿದೇ ಬಂದರು.

ಊಟಕ್ಕೆ ಕೂತಿದ್ದ ಅಪ್ಪ ತಲೆ ಎತ್ತಲಿಲ್ಲ. "ಇರ್ಲಿ ಬಿಡು" ಅಂದರು. "ನಮ್ಮ ಪವರ್‌ಹೌಸಲ್ಲಿ ಪೂಜೆ ದಿನ ಓಡ್ತಾ ಇರೋ ಮೆಷಿನಿಗೇ ಕುಂಕುಮ ಹಚ್ತೀವಿ. ನಿಲ್ಸಿದ್ರೆ ಊರೆಲ್ಲ ಕತ್ಲೆ."

ಅಮ್ಮ ನನ್ನ ಮುಖ ನೋಡಿದರು. ಆಮೇಲೆ ನನ್ನ ಕೈಯಿಂದ ಹೂವಿನೆಳೆ ತೆಗೆದುಕೊಂಡು ಸ್ವಿಚ್ಚಿನ ಪೆಟ್ಟಿಗೆಯ ಮೊಳೆಗೆ ಸಿಕ್ಕಿಸಿದರು. ಫ್ಯಾನು ಓಡುತ್ತಿತ್ತು. ನಾನು ಸ್ಟೂಲಿನಿಂದ ಇಳಿದೆ. ಬಾಗಿಲನ್ನು ಮಾತ್ರ ಪೂರ್ತಿ ತೆರೆದಿಟ್ಟು, ಅದರ ಪಕ್ಕದಲ್ಲೇ ಊಟಕ್ಕೆ ಕೂತೆ.