ಮಹಾಬಲ ಶೆಟ್ಟರು ಗೆದ್ದ ಕ್ಯಾಸೆಟ್

ತೊಕ್ಕೊಟ್ಟಿನಲ್ಲಿ ನನ್ನದು ಕಾರಿಗೆ ಟೇಪ್ ಕೂರಿಸುವ ಅಂಗಡಿ. ಎಂಬತ್ತಾರನೇ ಇಸವಿಯಲ್ಲಿ ಕಾವೂರಿನ ಮಹಾಬಲ ಶೆಟ್ಟರು ತಮ್ಮ ಫಿಯೆಟ್ ತೆಗೆದುಕೊಂಡು ಮೂರನೇ ಸಲ ಬಂದಾಗ ನನಗೆ ತಲೆ ಕೆಟ್ಟಿತು. ಹಿಂದಿನ ಎರಡು ಸಲವೂ ಹಟ ಹಿಡಿದು ದೊಡ್ಡ ಸ್ಪೀಕರ್ ಹಾಕಿಸಿಕೊಂಡಿದ್ದರು. ಈಗ ಅದೂ ಸಾಲದಂತೆ.

“ಮೋನು, ಚೆಂಡೆ ಮಾತ್ರ ಕೇಳ್ತದೆ ಮಾರಾಯ. ಮಾತು ಎಂತದ್ದೂ ತಿಳಿಯುದಿಲ್ಲ.”

“ಸೌಂಡ್ ಇನ್ನೂ ಜಾಸ್ತಿ ಮಾಡಿದ್ರೆ ಕಾರಿನ ಗಾಜು ಹೋಗ್ತದೆ ಶೆಟ್ರೇ. ಕಿವಿ ಡಾಕ್ಟ್ರಿಗೆ ತೋರಿಸಿ.”

“ಅರ್ಥ ಹೇಳುವವ ಕಿವಿಗೆ ಮೆಷಿನ್ ಸಿಕ್ಕಿಸಿ ಕೂತ್ಕೊಳ್ಳುದಾ?”

ಶೆಟ್ಟರು ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದವರು. ಅದು ಪಾತ್ರವಾಗಿ ಕೂತು ಮಾತಲ್ಲೇ ಆಡುವ ಯಕ್ಷಗಾನ; ವೇಷವಿಲ್ಲ, ಬಾಯಿಪಾಠವಿಲ್ಲ. ಎದುರು ಕೂತವನ ಮಾತು ಕೇಳಿ ಅಲ್ಲೇ ಉತ್ತರ ಕೊಡಬೇಕು. ನಾಲ್ಕು ವರ್ಷಗಳಿಂದ ಅವರನ್ನು ಯಾರೂ ಕರೆದಿರಲಿಲ್ಲ. ಕೊನೆಯ ಕೂಟದಲ್ಲಿ ಗೆಳೆಯ ಕೃಷ್ಣರಾಜ ಭಟ್ಟರನ್ನು ತಾನು ಸೋಲಿಸಿದ್ದಕ್ಕೆ ಭಟ್ಟರೇ ಹೊಟ್ಟೆಕಿಚ್ಚಿನಿಂದ ತನ್ನನ್ನು ತಪ್ಪಿಸಿದರೆಂದು ನಂಬಿದ್ದರು. ಮೂವತ್ತು ವರ್ಷದ ಸ್ನೇಹ ಅಲ್ಲಿಗೇ ಮುರಿಯಿತು. ಹೆಂಡತಿ ಗುಣವತಿ ತೀರಿಕೊಂಡ ಮೇಲೆ ಮನೆಯಲ್ಲೂ ಮಾತಿಗೆ ಜನವಿಲ್ಲ. ಟೇಪ್ ಜೋರಾಗಿ ಹಾಕಿದರೆ ನೆರೆಯವರ ತಕರಾರು. ಹಾಗಾಗಿ ಕೆರೆಯ ಪಕ್ಕ ಕಾರು ನಿಲ್ಲಿಸಿ, ಗಾಜು ಏರಿಸಿ, ತಾನು ಗೆದ್ದ ಆ ಕೂಟದ ಕ್ಯಾಸೆಟ್ ಹಾಕಿಕೊಂಡು ಒಬ್ಬರೇ ಬೆವರುತ್ತ ಕೂರುತ್ತಿದ್ದರು. ಭಟ್ಟರು ಏನು ಕೇಳಿದ್ದರು, ತಾನು ಹೇಗೆ ಬಾಯಿ ಮುಚ್ಚಿಸಿದೆ ಎಂಬುದನ್ನು ಒಮ್ಮೆ ಸರಿಯಾಗಿ ಕೇಳಬೇಕು, ಅಷ್ಟೇ ಆಸೆ.

ಕಿವಿ ಮಂದವಾಗಿದ್ದ ನನ್ನ ಹೆತ್ತ ಉಮ್ಮ ರುಖಿಯಾಗೂ ಬೊಬ್ಬೆ ಹಾಕಿದರೆ ತಿಳಿಯುತ್ತಿರಲಿಲ್ಲ, ಬಿಡಿಸಿ ಹೇಳಿದರೆ ತಿಳಿಯುತ್ತಿತ್ತು. ಅದು ನೆನಪಾಗಿ ದಪ್ಪ ಸದ್ದಿನ ಬಾಸ್ ಪೂರ್ತಿ ಇಳಿಸಿದೆ, ತೆಳು ಸದ್ದಿನ ಟ್ರೆಬಲ್ ಏರಿಸಿದೆ. ಶೆಟ್ಟರ ಎಡಕಿವಿ ಸ್ವಲ್ಪ ವಾಸಿ. ಹಿಂದಿನ ಸ್ಪೀಕರ್ ಒಂದನ್ನು ಬಿಚ್ಚಿ ಮುಂದೆ ಎಡಬದಿಗೆ ಕೂರಿಸಿದೆ. ಶೆಟ್ಟರ ಪಕ್ಕದಲ್ಲಿ ಕೂತು ಕ್ಯಾಸೆಟ್ ಹಾಕಿದೆ. ಚೆಂಡೆ ತಗ್ಗಿತು, ಮಾತು ಬಿಡಿಬಿಡಿಯಾಗಿ ಬಂತು.

ದೂತನ ಪಾತ್ರದ ಭಟ್ಟರು ರಾಜನ ಪಾತ್ರದ ಶೆಟ್ಟರನ್ನು ಕೇಳಿದರು: “ಶರಣು ಬಂದ ಒಬ್ಬನಿಗಾಗಿ ಊರೇ ಸುಟ್ಟುಹೋಗಲಿ ಎನ್ನುತ್ತೀಯಾ?” ಶೆಟ್ಟರು ತಮ್ಮ ಆನೆಗಳನ್ನು ವರ್ಣಿಸಿದರು. ಭಟ್ಟರು ಮತ್ತೆ ಕೇಳಿದರು, ಮೂರನೆಯ ಸಲವೂ ಕೇಳಿದರು. ಮತ್ತೆ ಆನೆಗಳೇ. ಜನ ನಕ್ಕರು. ಶೆಟ್ಟರು ಅದನ್ನು ಇಷ್ಟು ದಿನ ಮೆಚ್ಚುಗೆಯೆಂದೇ ತಿಳಿದಿದ್ದರು. ಆಗ ಭಟ್ಟರು, “ನನ್ನ ಪ್ರಶ್ನೆಯೇ ತಪ್ಪು ರಾಜಾ, ನಾನು ಸೋತೆ” ಎಂದು ಮಾತು ಮುಗಿಸಿಬಿಟ್ಟರು.

ಶೆಟ್ಟರು ಟೇಪ್ ನಿಲ್ಲಿಸಿದರು. “ನನಗೆ ಕೇಳುದಿಲ್ಲ ಅಂತ ಅವರಿಗೆ ಗೊತ್ತಿತ್ತು, ಮೋನು. ನನ್ನ ಮರ್ಯಾದೆ ಉಳಿಸ್ಲಿಕ್ಕೆ ಸೋತದ್ದು.”

“ಈಗ್ಲೇ ಹೋಗಿ ಮಾತಾಡಿ ಶೆಟ್ರೇ.”

“ಹೋದ ವರ್ಷ ತೀರಿಕೊಂಡ್ರು. ನಾನು ನೋಡ್ಲಿಕ್ಕೂ ಹೋಗ್ಲಿಲ್ಲ.”

 

ಶೆಟ್ಟರು ಕ್ಯಾಸೆಟ್ ಹಿಂದೆ ಓಡಿಸಿ, ಆ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿ, ಟೇಪ್ ನಿಲ್ಲಿಸಿ ಬೆನ್ನು ನೇರ ಮಾಡಿದರು.

“ದೂತನೇ, ಬಾಗಿಲು ತಟ್ಟಿದವನನ್ನು ಒಳಗೆ ಕರೆಯುವ ಮನೆಗಳಿಗೇ ಊರೆಂದು ಹೆಸರು. ಅವನನ್ನು ಬಿಟ್ಟುಕೊಟ್ಟ ದಿನವೇ ಊರು ಹೋಯಿತು. ಮತ್ತೆ ಸುಡುವುದಕ್ಕೆ ಉಳಿಯುವುದೇನು?”

ನನ್ನ ಕಡೆ ತಿರುಗಿದರು. “ಸರಿ ಉಂಟಾ ಮೋನು?”

ತಾಳಮದ್ದಳೆಯ ಗಂಧಗಾಳಿ ನನಗಿಲ್ಲ. “ಭಾರೀ ಸರಿ ಉಂಟು ಶೆಟ್ರೇ” ಎಂದೆ.



“ಹೇಳ್ಬೇಕಾದವ ನೀನಲ್ಲ ಮಾರಾಯ” ಎಂದರು.