ಒಗೆದ ಕಂಬಳಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸೂರಿಲ್ಲದವರ ತಂಗುದಾಣದಲ್ಲಿ, ಎಲ್ಲರೂ ದೊಡ್ಡಮ್ಮ ಎಂದು ಕರೆಯುವ ಆಯಾ ಹಾಸಿಗೆಗಳ ಸಾಲಿನ ನಡುವೆ ನಡೆಯುತ್ತಾರೆ. ಯಾರನ್ನೂ ಮುಟ್ಟಿ ಎಬ್ಬಿಸುವುದಿಲ್ಲ. ಕಾಲಿನ ಬದಿ ನಿಂತು, "ಏಳಪ್ಪಾ, ನಾನು" ಎನ್ನುತ್ತಾರೆ. ಇಲ್ಲಿ ಮಲಗಿರುವವರನ್ನು ಬೀದಿಯಲ್ಲಿ ಮುಟ್ಟಿ ಎಬ್ಬಿಸಿದವರೆಲ್ಲ ಓಡಿಸಲು ಬಂದವರೇ. ಹಾಗಾಗಿ ಕಣ್ಣು ಬಿಡುವ ಮೊದಲೇ ಕೈ ಬೀಸುತ್ತದೆ. ದೊಡ್ಡಮ್ಮನ ಒಂದು ಹಲ್ಲು ಹೋಗಿದ್ದು ಹಾಗೆಯೇ. "ಅಲ್ಲಾಡ್ತಿತ್ತು ಬಿಡಿ, ಕೀಳಿಸೋ ಖರ್ಚು ಉಳೀತು" ಎಂದು ನಗುತ್ತಾರೆ.

ಇಲ್ಲಿರುವುದು ನಲವತ್ತು ಹಾಸಿಗೆ. ಕುಡಿತ ಬಿಡಲಾಗದವರು, ಕಿವಿಯಲ್ಲಿ ಯಾರೋ ಮಾತಾಡುತ್ತಾರೆಂದು ನಿದ್ದೆಗೆಟ್ಟವರು, ಎರಡೂ ಕಾಟ ಇರುವವರು. ಚಹಾ, ಮಾತ್ರೆ, ಬಿಸಿನೀರು, ವೈದ್ಯರು ಬಂದ ದಿನ ಪುಸಲಾಯಿಸಿ ಕೂರಿಸುವುದು, ಎಲ್ಲ ದೊಡ್ಡಮ್ಮನ ತಲೆಗೇ. "ಕುಡಿದಿದ್ದೀಯಾ ಅಂದ್ರೆ ಇಲ್ಲ ಅಂತಾರೆ. ಉಂಡಿದ್ದೀಯಾ ಅಂತ ಕೇಳ್ತೀನಿ, ಅದಕ್ಕೆ ನಿಜ ಹೇಳ್ತಾರೆ."

ಮೊದಲು ದೊಡ್ಡಮ್ಮ ಇದ್ದದ್ದು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ. ಕೊಳೆ ಕಂಡರೆ ಕೈ ಸುಮ್ಮನಿರದು. ಕಳೆದ ತಿಂಗಳು ಆ ಕೈಯೇ ಎಡವಟ್ಟು ಮಾಡಿತು. ಎಲ್ಲರೂ ಮೇಷ್ಟ್ರು ಎಂದು ಕರೆಯುವ ಒಬ್ಬರು, ವರ್ಷಗಟ್ಟಲೆ ಬೀದಿಯಲ್ಲಿದ್ದು, ಕೊನೆಗೂ ಒಳಗೆ ಬಂದು ಮಾತ್ರೆ ನುಂಗಲು ಒಪ್ಪಿದ್ದರು. ಅವರು ಹೊರಗೆ ಹೋಗಿದ್ದಾಗ ದೊಡ್ಡಮ್ಮ ಅವರ ಕಂಬಳಿ ಒಗೆದು, ಒಣಗಿಸಿ, ಮಡಿಸಿಟ್ಟರು. ಮೇಷ್ಟ್ರು ಬಂದು ಮೂಸಿ ನೋಡಿದರು. ಇದು ತಮ್ಮದಲ್ಲ, ಯಾರೋ ಕದ್ದು ಬದಲಾಯಿಸಿದ್ದಾರೆ ಎಂದು ಹೊರಟೇ ಹೋದರು.

"ವಾಸನೆ ಹಿಡ್ದು ತಾನೇ ಅವರು ಅದು ತಮ್ದು ಅಂತ ಗುರ್ತಿಸ್ತಿದ್ದಿದ್ದು? ನಾನು ಅದನ್ನೇ ಉಜ್ಜಿ ತೆಗೆದ್ಬಿಟ್ಟೆ."

ಈಗ ಮೇಷ್ಟ್ರು ಇರುವುದು ಬಸ್ ನಿಲ್ದಾಣದ ಗೋಡೆ ಬದಿ. ಮಾತ್ರೆ ನಿಂತಿದೆ, ಕಿವಿಯೊಳಗಿನವರು ಮರಳಿದ್ದಾರೆ. ಇನ್ನಷ್ಟು ದಿನ ಹೀಗೇ ಆದರೆ ಅವರು ಒಳಗೆ ಬರುವುದು ಸುಳ್ಳು ಎಂಬ ಹೆದರಿಕೆ ದೊಡ್ಡಮ್ಮನಿಗೆ. ಕೆಲಸ ಮುಗಿಸಿ ದಿನಾ ಚಹಾ ಹಿಡಿದು ಹೋಗುತ್ತಾರೆ. "ನಮ್ಮತ್ತೆಗೆ ಮನೆ ದಾರಿ ಬಸ್ ಸ್ಟ್ಯಾಂಡ್ ಸುತ್ತಿ ಬರತ್ತೆ" ಎಂದು ಸೊಸೆ ರೇಗಿಸುತ್ತಾಳೆ.

ಇವತ್ತೂ ಲೋಟ ಮುಂದಿಟ್ಟು, ಸ್ವಲ್ಪ ದೂರ ಕೂರುತ್ತಾರೆ. "ತಪ್ಪಾಯ್ತು ಮೇಷ್ಟ್ರೇ. ನಿಮ್ಮನ್ನ ಕೇಳ್ದೆ ಒಗೀಬಾರ್ದಿತ್ತು." ಮೇಷ್ಟ್ರು ಚಹಾ ಕುಡಿದು ಲೋಟ ದೊಡ್ಡಮ್ಮನ ಕಡೆ ತಳ್ಳುತ್ತಾರೆ. ಮುಖ ನೋಡುವುದಿಲ್ಲ, ಮಾತಿಲ್ಲ.

ನಿಮ್ಮ ಆಸೆ ಏನು ಎಂದು ಕೇಳಿದರೆ ದೊಡ್ಡಮ್ಮ ಲೋಟ ತೊಳೆಯುತ್ತಲೇ ಹೇಳುತ್ತಾರೆ. "ಮೇಷ್ಟ್ರ ಹತ್ರ ಒಂದ್ಸಲ ಚೆನ್ನಾಗಿ ಬೈಸ್ಕೋಬೇಕು. ಬೈದ್ರೆ ಇನ್ನೂ ನಮ್ಮೋರು ಅಂತ. ಈ ಸುಮ್ಮನಿರೋದು ಇದ್ಯಲ್ಲ, ಅದನ್ನ ತಡ್ಕೊಳಕ್ಕಾಗಲ್ಲ."